ಅಕಿಗೆ ‘ಟ್’, ಅವರಿಗೆ ‘ಎನ್’

ಜರ್ಮನ್ ಕಲಿಯಲು ಶುರುಮಾಡಿದ ಮೇಲೆ ನನ್ನ ಗಂಡ ದಿನಾ ಗಡ್ಡ ಹೆರೆದುಕೊಳ್ಳತೊಡಗಿದರು. ನನಗೆ ಮೊದಲು ಅನುಮಾನ ಬಂದದ್ದು ಭಾಷೆಯ ಮೇಲಲ್ಲ, ಆ ಗಡ್ಡದ ಮೇಲೆ. ಬಾದಾಮಿಯ ಗುಹೆಗಳಲ್ಲಿ ಇಪ್ಪತ್ತು ವರ್ಷ ಗೈಡ್ ಆಗಿ, ದೇಶವಿದೇಶದ ಜನರ ಮುಂದೆ ಮೂರು ದಿನದ ಗಡ್ಡದಲ್ಲೇ ನಿಂತು ಮಾತಾಡಿದ ಮನುಷ್ಯ ಇವರು. ಈಗ ಫೋನಿನೊಳಗಿನ ಒಬ್ಬ ಮೇಡಮ್ಮಿಗಾಗಿ ಬೆಳಿಗ್ಗೆ ಏಳಕ್ಕೆಲ್ಲ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಾಳಿಗೆ ಹತ್ತುತ್ತಿದ್ದರು.

ಕಾರಣವೇನೋ ಇತ್ತು. ಬಾಗಲಕೋಟೆಯ ಒಂದು ಪ್ರವಾಸ ಕಂಪನಿಗೆ, ಜರ್ಮನಿಯಿಂದ ಬರುವವರ ಜೊತೆ ಅವರ ಭಾಷೆಯಲ್ಲೇ ನಾಲ್ಕು ಮಾತಾಡಬಲ್ಲ ಗೈಡ್ ಬೇಕಾಗಿದ್ದ. ಮೂರು ತಿಂಗಳು ಬಿಟ್ಟು ಸಂದರ್ಶನ. ಪಾಠ ಹೇಳುವ ಮೇಡಂ ಪುಣೆಯಲ್ಲಿದ್ದರು. ಆದರೆ ಕಾರಣ ಇಷ್ಟು ಸರಿಯಾಗಿದ್ದಾಗಲೇ ನನಗೆ ಅನುಮಾನ ಜಾಸ್ತಿ. ನಾನು ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಎಷ್ಟೇ ಚೆಂದ ಕಂಡರೂ ಸೀರೆಯ ಮಡಿಕೆ ಬಿಚ್ಚಿ, ಹಿಂಬದಿ ತಿರುಗಿಸಿ ನೋಡದೆ ಒಪ್ಪುವವರಲ್ಲ ನಾವು. ಮದುವೆಯಾದ ಮೇಲೆ ಅದೇ ರೂಢಿಯನ್ನು ಗಂಡನ ಮೇಲೂ ನಡೆಸಿದೆ. ಸುಳ್ಳೇಕೆ ಹೇಳಲಿ?

ಬಟ್ಟೆ ಒಣಹಾಕುವ ನೆಪದಲ್ಲಿ ನಾನೂ ಮಾಳಿಗೆ ಹತ್ತುತ್ತಿದ್ದೆ. ಒಣಗಿದ ಬಟ್ಟೆಯನ್ನೇ ಮತ್ತೆ ಹರವಿದ್ದೂ ಉಂಟು. ಅಲ್ಲಿ ಇವರು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದರು: “ಇಶ್ ಲೆರ್ನ, ಡೂ ಲೆರ್ನ್‌ಸ್ಟ್, ಎರ್ ಲೆರ್ನ್‌ಟ್...” ಆ ಮೇಡಂ “ಗೂಟ್” ಎಂದರೆ ಸಾಕು, ಮುಖ ಅರಳಿಸಿ “ಡಾಂಕರಿ ಮೇಡಂ!” ಎನ್ನುತ್ತಿದ್ದರು. ಡಾಂಕ ಎಂದರೆ ಧನ್ಯವಾದವಂತೆ. ರಿ ನಮ್ಮದು. ಮೇಡಂ ಎಷ್ಟು ತಿದ್ದಿದರೂ ಆ ರಿ ಅವರ ಬಾಯಿ ಬಿಟ್ಟು ಹೋಗಲಿಲ್ಲ. ಹದಿನೆಂಟು ವರ್ಷ ರೊಟ್ಟಿ ಬಡಿದು ಹಾಕಿದ ನನಗೆ ಒಂದು ದಿನವೂ ಯಾವ ಭಾಷೆಯ ಧನ್ಯವಾದವೂ ಸಿಕ್ಕಿರಲಿಲ್ಲ. ಹೊಟ್ಟೆ ಉರಿಯಿತು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

“ಏನ್ರಿ ಅದು, ದಿನಾ ಒಂದ ಶಬ್ದ ಹಿಡದು ಜಗ್ಗತೀರಿ?”

“ಕ್ರಿಯಾಪದ. ನಾ ಬರ್ತೇನಿ, ನೀ ಬರ್ತಿ, ಅಕಿ ಬರ್ತಾಳ ಅಂತೀವಿಲ್ಲ? ಹಂಗ. ಬುಡ ಒಂದ, ಬಾಲ ಬ್ಯಾರೆ.”

“ಅಕಿಗೆ ಏನಂತಾರ?”

“ಸೀ.”

“ಅವರಿಗೆ?”

“ಅವರಿಗೂ ಸೀ.”

“ಮರ್ಯಾದಿ ಕೊಟ್ಟು ನೀವು ಅನ್ನೂದಿದ್ರ?”

“ಅದೂ ಸೀನ,” ಎಂದು ನಕ್ಕರು. “ಬಾಲ ನೋಡಿ ತಿಳಕೋಬೇಕು. ಅಕಿಗೆ ಟ್. ಅವರಿಗೆ, ನೀವು ಅನ್ನೂದಕ್ಕ ಎನ್.”

ಅಕಿ, ಅವರು, ನೀವು, ಮೂವರಿಗೂ ಒಂದೇ ಶಬ್ದ! ಏನೋ ಮುಚ್ಚಿಡಬೇಕಾದವರೇ ಕೂತು ಕಟ್ಟಿದ ಭಾಷೆ ಇದು ಎನಿಸಿತು. ಆದರೆ ಬಾಲದ ಲೆಕ್ಕ ಮಾತ್ರ ನನ್ನ ತಲೆಗೆ ಬೇಗ ಹತ್ತಿತು. ಇಳಕಲ್ ಸೀರೆಯ ಮೈಯ ಎಳೆಗಳೇ ಬೇರೆ, ಸೆರಗಿನ ಎಳೆಗಳೇ ಬೇರೆ. ಒಂದೊಂದಾಗಿ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಇಲ್ಲಿಯೂ ಮೈ ಒಂದೇ, ಸೆರಗು ಮಾತ್ರ ಬದಲಾಗುತ್ತದೆ. ರೊಟ್ಟಿ ಬಡಿಯುತ್ತ ಮನಸ್ಸಿನಲ್ಲೇ ಎ, ಸ್ಟ್, ಟ್, ಎನ್ ಎಂದು ಹಚ್ಚುತ್ತ ಹೋದೆ. ಕಲಿಯುವ ಆಸೆಯಿಂದಲ್ಲ, ಕಾವಲಿಗೆ.

ಸಂದರ್ಶನದ ಹಿಂದಿನ ದಿನ ಅವರು ಬೆಳಿಗ್ಗೆಯೇ ಯಾರನ್ನೋ ಗುಹೆ ತೋರಿಸಲು ಕರೆದುಕೊಂಡು ಹೋದರು. ಯಾವತ್ತೂ ಕೈ ಬಿಡದ ಪಾಠದ ನೋಟುಬುಕ್ಕು ಅಂದು ದಿಂಬಿನ ಕೆಳಗೆ ಉಳಿದಿತ್ತು. ತೆರೆದೆ. ಜರ್ಮನ್ ಮಾತನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದರು. ಒಂದು ಪುಟದ ನೆತ್ತಿಯ ಮೇಲೆ ‘ಮೈನಾ ಫ್ರಾವ್’ ಎಂದು ಬರೆದು ಎರಡು ಗೆರೆ ಎಳೆದಿತ್ತು. ಮೈನಾ! ಹೆಸರೂ ಸಿಕ್ಕಿತು. ಕೆಳಗೆ ಸಾಲು ಸಾಲು ವಾಕ್ಯ, ಎಲ್ಲವೂ ‘ಸೀ’ ಎಂದೇ ಶುರು.

ಮೇಡಮ್ಮಿಗೆ ಬರೆದ ಪತ್ರ, ಸೀ ಎಂದರೆ ನೀವು ಎಂದು ಮೊದಲು ಹಲ್ಲು ಕಡಿದೆ. ಆಮೇಲೆ ಬಾಲ ನೋಡಿದೆ. ಎನ್ ಒಂದೂ ಇಲ್ಲ. ಎಲ್ಲಾ ಟ್. ಹಾಗಾದರೆ ನೀವು ಅಲ್ಲ, ಅವರು ಅಲ್ಲ, ಅಕಿ. ಈ ಮೈನಾ ಮೇಡಂ ಅಲ್ಲ, ಬೇರೆ ಯಾರೋ. ಮೇಡಮ್ಮಿಗೆ ಇವರು ಅಕಿ ಎನ್ನುವವರಲ್ಲ, ಅವರಿಗೆ ಎನ್ ಹಚ್ಚಿಯೇ ಹಚ್ಚುತ್ತಿದ್ದರು. ನಮ್ಮ ಕಡೆ ಗಂಡಸೊಬ್ಬ ಹೆಂಗಸನ್ನು ಅಕಿ ಎನ್ನಬೇಕಾದರೆ ತಂಗಿಯಾಗಿರಬೇಕು, ಮಗಳಾಗಿರಬೇಕು, ಇಲ್ಲವೇ ಬಾಯಿಬಿಟ್ಟು ಹೇಳಬಾರದ ಸಲಿಗೆ ಇರಬೇಕು. ಇವರಿಗೆ ತಂಗಿ ಇಲ್ಲ. ನಮಗೆ ಮಗಳಿಲ್ಲ.

ಇಳಕಲ್ಲಿನ ಅಣ್ಣನಿಗೆ ಫೋನ್ ಮಾಡಿದೆ. “ನಾ ಬರಾಕತ್ತೇನಿ. ಇನ್ನ ತಿರುಗಿ ಹೋಗಂಗಿಲ್ಲ.” ನಾಲ್ಕು ಸೀರೆ ಚೀಲಕ್ಕೆ ತುರುಕಿ, ಸಾಕ್ಷಿಗೆಂದು ನೋಟುಬುಕ್ಕನ್ನು ನಡುವೆ ಇಟ್ಟುಕೊಂಡೆ. ಮರುದಿನದ ಸಂದರ್ಶನಕ್ಕೆ ಅವರಿಗೆ ಅದು ಬೇಕೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಒಯ್ದೆ.

ಬಸ್ಸು ಊರು ದಾಟಿದ ಮೇಲೆ ಮತ್ತೆ ಆ ಪುಟ ತೆಗೆದೆ. ಅಣ್ಣನ ಮುಂದೆ ತಡವರಿಸಬಾರದಲ್ಲ. ನೋಟುಬುಕ್ಕಿನ ಕೊನೆಯಲ್ಲಿ ಶಬ್ದಗಳಿಗೆ ಅರ್ಥ ಬರೆದಿತ್ತು. ಕ್ರಿಯಾಪದಗಳೆಲ್ಲ ಅಲ್ಲಿ ಎನ್ ಬಾಲದಲ್ಲೇ ಇದ್ದವು. ಟ್ ಬಿಡಿಸಿ, ಎನ್ ಹಚ್ಚಿ ಹುಡುಕುತ್ತ ಹೋದೆ.

‘ಸೀ ಕೊಖ್ಟ್ ಗೂಟ್.’ ಕೊಖನ್, ಅಡಿಗೆ ಮಾಡುವುದು. ಅಕಿ ಚೆನ್ನಾಗಿ ಅಡಿಗೆ ಮಾಡುತ್ತಾಳೆ. ಊಟದವರೆಗೂ ಹೋಗಿದೆಯಲ್ಲ!

‘ಸೀ ಫ್ರಾಗ್ಟ್ ಫೀಲ್.’ ಅಕಿ ಬಹಳ ಪ್ರಶ್ನೆ ಕೇಳುತ್ತಾಳೆ. ಕೇಳಲಿ, ನನ್ನ ಮುಂದೆ ಬಂದು ಕೇಳಲಿ ಎಂದುಕೊಂಡೆ.

‘ಸೀ ಸೂಖ್ಟ್ ಇನ್ ಮೈನರ್ ಟಾಶ.’ ಸೂಖನ್, ಹುಡುಕುವುದು. ಟಾಶ, ಕಿಸೆ. ಅಕಿ ನನ್ನ ಕಿಸೆಯಲ್ಲಿ ಹುಡುಕುತ್ತಾಳೆ.

ಬೆರಳು ಅಲ್ಲೇ ನಿಂತಿತು. ಒಗೆಯುವ ಮೊದಲು ಎಂದು ನೆಪ ಹೇಳಿ ಅವರ ಅಂಗಿ ಪ್ಯಾಂಟುಗಳ ಕಿಸೆ ತಡಕುವವಳು ಇಡೀ ಬಾದಾಮಿಯಲ್ಲಿ ಒಬ್ಬಳೇ. ಗಡಿಬಿಡಿಯಿಂದ ಮೈನಾ ಹುಡುಕಿದೆ. ಮೈನಾ, ಮೈನರ್: ನನ್ನ. ಫ್ರಾವ್: ಹೆಂಡತಿ. ಗಂಡಸು ಅಕಿ ಎನ್ನಬಹುದಾದ ಹೆಂಗಸರ ಪಟ್ಟಿ ಮಾಡುವಾಗ ನಾನು ಹೆಂಡತಿಯನ್ನೇ ಬಿಟ್ಟಿದ್ದೆ.

ಕೊನೆಯ ಸಾಲು ಒಂದು ಉಳಿದಿತ್ತು. ‘ಸೀ ಗ್ಲೌಬ್ಟ್ ಮಿಯರ್ ನಿಶ್ಟ್.’ ಟ್ ಬಿಡಿಸಿದೆ, ಎನ್ ಹಚ್ಚಿದೆ. ಗ್ಲೌಬನ್, ನಂಬುವುದು. ಮಿಯರ್, ನನ್ನನ್ನು. ನಿಶ್ಟ್, ಇಲ್ಲ. ಅಕಿ ನನ್ನನ್ನು ನಂಬುವುದಿಲ್ಲ.

ಮನೆಯವರೊಬ್ಬರ ಬಗ್ಗೆ ಬರೆದು ಓದಿ ಎಂದು ಮೇಡಂ ಹೇಳಿರಬೇಕು. ನಾನು ಒಣಗಿದ ಬಟ್ಟೆ ಹರವುತ್ತ ಬೆನ್ನ ಹಿಂದೆ ನಿಂತಿದ್ದಾಗಲೇ ಇವರು ಅದನ್ನು ಓದಿರಬೇಕು. ನನ್ನ ಕಿವಿಗೆ ಬಿದ್ದೂ ತಿಳಿದಿರಲಿಕ್ಕಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹದಿನೆಂಟು ವರ್ಷ ನನಗೆ ಹೇಳಲಾಗದ ಮಾತನ್ನು ಪುಣೆಯ ಮೇಡಮ್ಮಿಗೆ ಹೇಳಿದರಲ್ಲ! ಹೇಳಿದ್ದರೆ ನಾನು ನಂಬುತ್ತಿದ್ದೆನೇ ಎಂದು ಕೇಳಿಕೊಂಡಾಗ ಸಿಟ್ಟೂ ಇಳಿಯಿತು. ಕಿಟಕಿಯ ಕಡೆ ತಿರುಗಿ ಅತ್ತೆ.

ಹುನಗುಂದದಲ್ಲಿ ಇಳಿದುಬಿಟ್ಟೆ. ಅಣ್ಣನಿಗೆ ಮತ್ತೆ ಫೋನ್ ಮಾಡಿ “ಬರಂಗಿಲ್ಲ” ಎಂದೆ.

“ಯಾಕ? ಏನಾತು?”

“ಏನಿಲ್ಲ. ಓದೂದು ತಪ್ಪಿತ್ತು.”

ಸಂಜೆ ಮನೆ ಮುಟ್ಟಿದಾಗ ಇವರು ಹಾಸಿಗೆ, ಪೆಟ್ಟಿಗೆ, ಅಕ್ಕಿ ಡಬ್ಬಿ ಸಹಿತ ಎಲ್ಲವನ್ನೂ ಕಿತ್ತು ಹರವಿಕೊಂಡು ಕೂತಿದ್ದರು.

“ನನ್ನ ವಹಿ ನೋಡಿದೇನು? ನಾಳೆ ಬಾಗಲಕೋಟಿಗೆ ಹೆಂಗ ಹೋಗ್ಲಿ?”

ಚೀಲ ಬಿಚ್ಚಿ, ಸೀರೆಗಳ ನಡುವಿಂದ ನೋಟುಬುಕ್ಕು ತೆಗೆದೆ. ಅವರು ಚೀಲ ನೋಡಿದರು, ಸೀರೆ ನೋಡಿದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೆ ನೂರು ಕೇಳುತ್ತಿದ್ದೆ.

“ಕುಂದರ್ರಿ. ನಾ ಕೇಳ್ತೇನಿ, ನೀವು ಹೇಳ್ರಿ,” ಎಂದೆ.

ಒಂದೊಂದೇ ಕ್ರಿಯಾಪದ ಕರೆದೆ. ಲೆರ್ನನ್, ಮಾಖನ್, ಕೊಖನ್. ತಪ್ಪಿಲ್ಲದೆ ಒಪ್ಪಿಸಿದರು. ಆಮೇಲೆ ಗ್ಲೌಬನ್ ಎಂದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು.

“ಇಶ್ ಗ್ಲೌಬ,” ಎಂದು ಮೆಲ್ಲಗೆ ಶುರುಮಾಡಿದರು. “ಡೂ ಗ್ಲೌಬ್‌ಸ್ಟ್. ಎರ್ ಗ್ಲೌಬ್ಟ್. ಸೀ...” ಅಲ್ಲಿಗೆ ನಿಂತುಬಿಟ್ಟರು.

“ಸೀ ಗ್ಲೌಬ್ಟ್ ಮಿಯರ್,” ಎಂದೆ ನಾನು.

ಅವರು ನೋಟುಬುಕ್ಕಿನ ಆ ಸಾಲಿನ ಮೇಲೆ ಬೆರಳಿಟ್ಟು, ನನ್ನ ಮುಖ ನೋಡದೆ ಹೇಳಿದರು:

“ಕಡೀ ಶಬ್ದ ಬಿಟ್ಟಿ ನೋಡು.”

“ಬೇಕಂತನ ಬಿಟ್ಟೇನ್ರಿ,” ಎಂದೆ.