ಸರಿನಾ, ದೊಡ್ಡಪ್ಪ?

ವಿಮಾನ ಕಂಪನಿಯ ಆಯ್ಕೆ ಪರೀಕ್ಷೆಗೆ ನನ್ನ ಮೊಮ್ಮಗಳು ಎರಡು ತಿಂಗಳಿಂದ ತಯಾರಾಗುತ್ತಿದ್ದಳು. ಕೆಳಗೆ ವಿಮಾನ ನಿಲ್ದಾಣದಿಂದ ರೇಡಿಯೋದಲ್ಲಿ ಹೇಳಿದ್ದನ್ನು ಪೈಲಟ್ ಆದವರು ಚಾಚೂ ತಪ್ಪದೆ ತಿರುಗಿ ಹೇಳಬೇಕಂತೆ. ಅಭ್ಯಾಸವಾಗಲೆಂದು ಮನೆಯಲ್ಲೂ ಅದೇ. "ಒಣಗಿದ ಬಟ್ಟೆ ತಗೊಂಡು ಬಾರೇ" ಅಂದರೆ, "ಒಣಗಿದ ಬಟ್ಟೆ ತರ್ತೀನಿ, ಸರಿನಾ ಅಜ್ಜಿ?" ಎನ್ನುವಳು.

ಆಯ್ಕೆಯಾದರೆ ತರಬೇತಿಯ ಖರ್ಚು ನಮ್ಮದೇ. ಅದಕ್ಕೆ ಹೊಣೆ ಯಾರೆಂಬ ಪತ್ರವನ್ನು ಪರೀಕ್ಷೆಯ ದಿನವೇ ಕೊಡಬೇಕು. ಅವಳ ಅಪ್ಪ, ನನ್ನ ಕಿರಿಮಗ, ತೀರಿಕೊಂಡು ಒಂಬತ್ತು ವರ್ಷ. ಅಣ್ಣ ತಮ್ಮ ಸೇರಿ ಕಟ್ಟಿದ ಟೈರ್ ಅಂಗಡಿಯಲ್ಲಿ ತಮ್ಮನದೇನೂ ಇಲ್ಲವೆಂದೇ ಹಿರಿಯವನು ಸಾಧಿಸುತ್ತಾ ಬಂದಿದ್ದ.

ಆ ಪತ್ರಕ್ಕೆ ಅವನ ಸಹಿ ಕೇಳಲು ನಾವಿಬ್ಬರೂ ಅಂಗಡಿಗೆ ಹೋದೆವು. ಗಿರಾಕಿಗಳ ಎದುರೇ ಅವನು ಹರಿಹಾಯ್ದ.

"ಸ್ಕೂಟರ್ ನೆಟ್ಟಗೆ ನಿಲ್ಲಿಸೋಕೆ ಬರಲ್ಲ, ವಿಮಾನ ಹಾರಿಸ್ತಾಳಂತೆ! ನಿಮ್ಮಪ್ಪನ ಪಾಲು ನನ್ನ ಹತ್ರಾನೇ ಇದೆ, ಇಲ್ಲೇ ಇರುತ್ತೆ. ಏನ್ ಮಾಡ್ಕೋತೀಯೋ ಮಾಡ್ಕೋ!"

ಮೊಮ್ಮಗಳು ದನಿ ಏರಿಸಲಿಲ್ಲ. "ನಂಗೆ ಸ್ಕೂಟರ್ ನಿಲ್ಲಿಸೋಕೆ ಬರಲ್ಲ. ನಮ್ಮಪ್ಪನ ಪಾಲು ನಿಮ್ಮ ಹತ್ರಾನೇ ಇದೆ. ಸರಿನಾ, ದೊಡ್ಡಪ್ಪ?"

"ಹೂಂ, ಸರಿ!" ಎಂದು ಅರಚಿದ.

ಟೈರ್ ಬಿಚ್ಚುತ್ತಿದ್ದ ಕೆಲಸಗಾರ ಕೈ ನಿಲ್ಲಿಸಿ ತಲೆಯೆತ್ತಿದ. ಆಡಿದ್ದೇನೆಂದು ಮಗನಿಗೆ ಆಗ ಹೊಳೆಯಿತು.

"ಇಷ್ಟು ಜನ ಕೇಳಿಸ್ಕೊಂಡಿದ್ದಾರೆ. ಈಗ ಸಹಿ ಹಾಕೋ," ಎಂದೆ.

ನನ್ನನ್ನು ನುಂಗುವಂತೆ ನೋಡಿ ಪೆನ್ನು ಒತ್ತಿದ. ಆ ರಭಸಕ್ಕೆ ಕಾಗದ ತೂತಾಯಿತು.

ಅವಳು ಮಿಸುಕಲಿಲ್ಲ. "ತೂತಾಗಿರೋದು ನಡೆಯಲ್ಲ ದೊಡ್ಡಪ್ಪ, ಇನ್ನೊಂದು ಹಾಕಿ," ಎಂದು ಪಕ್ಕದ ಜಾಗಕ್ಕೆ ಬೆರಳಿಟ್ಟಳು.