ಡಂಗುರದವನಿಗೊಂದು ಮನೆ

ಕಳೆದ ವಾರ ಗಾಡಿಗೆ ಪಂಕ್ಚರ್ ಹಾಕಿಸಲು ಅತ್ತಿಬೆಲೆಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಶೆಡ್ಡಿನ ಮುಂದೆ ನಿಂತಿದ್ದೆ. ಪಕ್ಕದಲ್ಲೇ ಕಬ್ಬಿಣ ಕಡೆಯುವ ಲೇತ್ ಓಡುತ್ತಿತ್ತು. ಕಾದ ಕಬ್ಬಿಣದ ಮೇಲೆ ತಣಿಸಲು ಹಾಲಿನಂಥ ಕೂಲೆಂಟ್ ಸುರಿದಾಗ ಏಳುವ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಹಳೇ ಎಣ್ಣೆ, ಸ್ವಲ್ಪ ತುಕ್ಕು... ಪಂಕ್ಚರ್ ಅಂಗಡಿಯವನು "ಆಯ್ತು ಮೇಡಂ" ಅಂದದ್ದು ನನಗೆ ಕೇಳಿಸಲೇ ಇಲ್ಲ. ಲಗ್ಗೆರೆಯ ನಮ್ಮ ಮನೆಯ ಮೆಟ್ಟಿಲಲ್ಲಿ ಸಂಜೆ ಹೊತ್ತು ಇದೇ ವಾಸನೆ ಹತ್ತಿಹೋಗುತ್ತಿತ್ತು. ಅದು ಮೂಗಿಗೆ ಬಡಿಯಿತೆಂದರೆ ಮೇಲ್ಮನೆ ಅಣ್ಣ ಶಿಫ್ಟ್ ಮುಗಿಸಿ ಬಂದರು ಅಂತ ಅರ್ಥ.

ಅವರು ಗದಗದ ಕಡೆಯವರು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಆಪರೇಟರ್. ನಮ್ಮ ಮಹಡಿಯ ಮೇಲಿನ ಶೀಟಿನ ರೂಮಿಗೆ ಬಾಡಿಗೆಗೆ ಬಂದು ವರ್ಷವಾದರೂ ಅವರ ದನಿ ಹೇಗಿದೆ ಅಂತ ನಮಗೆ ಗೊತ್ತಿರಲಿಲ್ಲ. ನೀರು ಬಂತಾ ಅಂತ ಅಮ್ಮ ಕೂಗಿದರೆ ತಲೆಯಾಡಿಸುತ್ತಿದ್ದರು. "ಪಾಪ, ಆ ಹುಡುಗ ಬಾಯೇ ಬಿಡಲ್ಲ ಕಣೇ" ಅನ್ನುತ್ತಿದ್ದಳು ಅಮ್ಮ. ಬಾಯಿ ಬಿಡದೆ ಇದ್ದದ್ದಕ್ಕೆ ಕಾರಣ ಉಗ್ಗು. ಸಣ್ಣಪುಟ್ಟ ಉಗ್ಗಲ್ಲ. ಮೊದಲ ಅಕ್ಷರಕ್ಕೇ ದವಡೆ ಬಿಗಿದುಕೊಂಡು, ಕತ್ತಿನ ನರ ಉಬ್ಬಿ, ಎದುರಿಗಿದ್ದವರೇ ಮುಖ ತಿರುಗಿಸಿಕೊಳ್ಳಬೇಕು, ಹಾಗಿರುತ್ತಿತ್ತು.

ನಾನಾಗ ಪೀಣ್ಯದಲ್ಲೇ ಒಂದು ಆಫೀಸಿನಲ್ಲಿ ಬಿಲ್ಲಿಂಗ್ ಕೆಲಸ ಮಾಡುತ್ತಿದ್ದೆ. ಬಿಡುವಿನಲ್ಲಿ ನನಗೊಂದು ಹುಚ್ಚಿತ್ತು. ಇಂಟರ್ನೆಟ್ಟಿನ ಒಂದು ಫೋರಮ್ಮಿನಲ್ಲಿ ನಾವು ಹತ್ತು ಹನ್ನೆರಡು ಜನ ಸೇರಿ ಇಲ್ಲದ ಊರೊಂದನ್ನು ಕಟ್ಟಿದ್ದೆವು. ಒಬ್ಬೊಬ್ಬರೂ ಆ ಊರಿನ ಒಬ್ಬೊಬ್ಬರಾಗಿ, ಒಬ್ಬರಾದ ಮೇಲೆ ಒಬ್ಬರು ಕನ್ನಡದಲ್ಲಿ ಬರೆಯುತ್ತ ಕತೆ ಮುಂದುವರಿಸಬೇಕು. ರೋಲ್‌ಪ್ಲೇ ಅನ್ನುತ್ತಿದ್ದೆವು. ಪ್ರತಿ ಪಾತ್ರಕ್ಕೂ ಒಂದು ಪರಿಚಯದ ಪುಟ ಇರುತ್ತಿತ್ತು... ಹೆಸರು, ನಡಿಗೆ, ಯಾರನ್ನು ಕಂಡರೆ ಆಗುವುದಿಲ್ಲ, ಯಾವುದಕ್ಕೆ ಹೆದರಿಕೆ, ಎಲ್ಲ. ನಾನು ಸೂಲಗಿತ್ತಿಯಾಗಿದ್ದೆ. ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಆ ಊರಿನಲ್ಲಿ ಎಲ್ಲರ ಮೆಚ್ಚಿನವನು ಡಂಗುರ ಸಾರುವವನು. ಅವನು ಬಂದನೆಂದರೆ ಉಳಿದವರೆಲ್ಲ ತಮ್ಮ ಸರದಿ ಬಿಟ್ಟು ಓದುತ್ತ ಕೂರುತ್ತಿದ್ದರು. ಒಂದು ಭಾನುವಾರ ಅಮ್ಮ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದಳು. ಬೀದಿಗೆ ಬೀದಿಯೇ ಕೆಮ್ಮಿತು. ಸ್ವಲ್ಪ ಹೊತ್ತಿಗೆ ಫೋರಮ್ಮಿನಲ್ಲಿ ಡಂಗುರದವನು ಸಾರಿದ: "ಕೇಳ್ರಪೋ ಕೇಳ್ರಿ, ಕೆಳಗಿನ ಮನಿಯವರು ಮೆಣಸಿನಕಾಯಿ ಹುರಿಯೋ ಮುಂದ ಊರಿಗೆ ತಿಳಿಸಬೇಕಂತ ಅಪ್ಪಣಿ ಆಗೇತಿ. ಪಂಚಾಯ್ತಿಗೆ ಕುಂತ ಹಿರ್ಯಾರು ಸೀನಿ ಸೀನಿ ತೀರ್ಪು ಮರತಾರ."

ನಾನು ಫೋನ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಅವರು ಬಾಗಿಲಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಿದ್ದರು.

"ಅಣ್ಣ, ಡಂಗುರದವರು ನೀವೇನಾ?" ಅಂದೆ.

ಮುಖ ಕೆಂಪಾಯಿತು. ಆಮೇಲೆ ನಕ್ಕರು. ಅವರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. "ನೀ... ನೀ ಯಾರು?" ಅಂತ ಕಷ್ಟಪಟ್ಟು ಕೇಳಿದರು. ಸೂಲಗಿತ್ತಿ ಅಂದೆ. ಅವತ್ತಿನಿಂದ ನಾನು ಅವರಿಗೆ ತಂಗಿಯಾದೆ. ಎದುರಾದಾಗ ಮಾತು ಕಡಿಮೆಯೇ. ಫೋನಿನಲ್ಲಿ ಮಾತ್ರ ಮೆಸೇಜಿನ ಮೇಲೆ ಮೆಸೇಜು. ಊರಿನಲ್ಲಿರುವ ಅಕ್ಕನ ಬಗ್ಗೆ, ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ ಓ ಅನ್ನಲಾಗದೆ ಗೈರುಹಾಜರಿ ಹಾಕಿಸಿಕೊಂಡದ್ದರ ಬಗ್ಗೆ... ಬರೆಯಲು ಕೂತರೆ ಅವರಷ್ಟು ಮಾತುಗಾರ ಇನ್ನೊಬ್ಬರಿರಲಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ದಿನ ಫೋರಂ ನಡೆಸುತ್ತಿದ್ದವರು, ಇನ್ನು ತಮ್ಮ ಕೈಲಾಗುವುದಿಲ್ಲ, ತಿಂಗಳೊಳಗೆ ಮುಚ್ಚುತ್ತೇವೆ ಅಂತ ತಿಳಿಸಿದರು. ನಮ್ಮ ಪಾತ್ರಗಳ ಪುಟಗಳನ್ನೆಲ್ಲ ಎಲ್ಲಿಗೆ ಒಯ್ದು ಇಡುವುದು ಅಂತ ಚರ್ಚೆ ಶುರುವಾಯಿತು. ಪುಕ್ಕಟೆ ವೆಬ್‌ಪುಟ ಕೊಡುವ ಒಂದು ತಾಣವಿತ್ತು. ಜಾಹೀರಾತಿನ ಕಾಟ, ತೆರೆಯಲು ನಿಧಾನ, ಆದರೆ ಪಾತ್ರಕ್ಕೊಂದು ಪುಟ ಅಚ್ಚುಕಟ್ಟಾಗಿ ಸಿಗುತ್ತಿತ್ತು. ಇನ್ನೊಂದು, ಆಗಷ್ಟೇ ಹುಡುಗರ ಕೈಗೆ ಬಂದಿದ್ದ ಹೊಸ ಚಾಟ್ ಆ್ಯಪ್. ಅದರಲ್ಲಿ ಬರೆಯಲೂಬಹುದು, ಎಲ್ಲರೂ ಒಟ್ಟಿಗೆ ಕೂತು ಮಾತಾಡಲೂಬಹುದು.

ಅಣ್ಣ ವೆಬ್‌ಪುಟದ ಪರ. ಅವರು ಬರೆದರು: "ಕಟ್ಟಿ ಮ್ಯಾಲೆ ಕುಂತು ಹರಟಿ ಹೊಡೀಬಹುದು, ಸಂಸಾರ ಮಾಡಾಕ ಮನಿ ಬೇಕಲ್ರಿ. ಚಾಟಿನ್ಯಾಗ ಇವತ್ತು ಬರದದ್ದು ನಾಳೆ ಮ್ಯಾಲೆ ಎಲ್ಲೋ ಹೋಗಿರತೈತಿ. ಪಾತ್ರಕ್ಕ ಒಂದು ಬಾಗಿಲಾ, ಒಂದು ಹೊಸ್ತಿಲಾ ಬ್ಯಾಡೇನು?"

ವೈಟ್‌ಫೀಲ್ಡ್ ಕಡೆ ಕೆಲಸದಲ್ಲಿದ್ದ ಒಬ್ಬ ಹುಡುಗ ನಮ್ಮ ಗುಂಪಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದ. ಒಳ್ಳೆಯವನೇ. ಅವನು ಬರೆದ, "ಗುರು, ಬರೆದೇ ಇಷ್ಟು ಸಕ್ಕತ್ತಾಗಿದೆ. ನಿಮ್ಮ ವಾಯ್ಸಲ್ಲಿ ಡಂಗುರ ಕೇಳಿದ್ರೆ ಹೆಂಗಿರುತ್ತೆ ಯೋಚನೆ ಮಾಡಿ." ಎಲ್ಲರೂ ಅದನ್ನೇ ಹಿಡಿದುಕೊಂಡರು. ಹೊಸ ಜಾಗಕ್ಕೆ ಹೋಗಬೇಕೆಂಬ ಆಸೆ ಅವರಲ್ಲಿ ಹುಟ್ಟಿದ್ದಕ್ಕೆ ಮುಖ್ಯ ಕಾರಣವೇ ಅಣ್ಣನ ದನಿ ಕೇಳಬೇಕು ಅನ್ನುವುದು. ಭಾನುವಾರ ಮಧ್ಯಾಹ್ನ ಎಲ್ಲರೂ ಸೇರಿ ಒಂದು ಸಲ ಮಾತಾಡಿ ನೋಡೋಣ, ಆಮೇಲೆ ನಿರ್ಧಾರ ಮಾಡೋಣ ಅಂತಾಯಿತು.

ಬೇಡ ಅನ್ನಿ ಅಣ್ಣ, ಇಲ್ಲಾಂದ್ರೆ ನಾನೇ ಹೇಳ್ತೀನಿ ಅಂದೆ. ಅವರು ಕೇಳಲಿಲ್ಲ. ಆ ವಾರವೆಲ್ಲ ಮಹಡಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ನಿಂತು ಅಭ್ಯಾಸ ಮಾಡಿದರು. ಒಂದು ದಿನ ಬಟ್ಟೆ ಒಣಹಾಕಲು ಹೋದವಳು ಬಕೆಟ್ ಹಿಡಿದು ನಿಂತುಬಿಟ್ಟೆ. ಕೈಯಿಂದ ಟ್ಯಾಂಕಿನ ಮೇಲೆ ತಾಳ ಹಾಕುತ್ತ, ರಾಗ ಎಳೆದು ಕೂಗುತ್ತಿದ್ದರು. "ಕೇಳ್ರಪೋ ಕೇಳ್ರಿ..." ತಡೆಯಿಲ್ಲ, ತೊಡಕಿಲ್ಲ. ತುಂಬಿದ, ಆಳದ ದನಿ. ತಾಳ ಹಾಕಿ ರಾಗದಲ್ಲಿ ಹೇಳಿದರೆ ನಾಲಿಗೆ ಕಚ್ಚಿಕೊಳ್ಳುವುದಿಲ್ಲ ಅಂತ ಅವರೇ ಕಂಡುಕೊಂಡಿದ್ದರು. ನನ್ನನ್ನು ನೋಡಿ ನಾಚಿಕೊಂಡರು. ನನಗೋ ಕಣ್ಣಲ್ಲಿ ನೀರು. ಆಗಬಹುದು, ಖಂಡಿತ ಆಗುತ್ತೆ ಅನ್ನಿಸಿತು.

ಭಾನುವಾರ ಅವರು ಕೆಳಗೆ ನಮ್ಮ ಹಾಲಿಗೆ ಬಂದರು, ನಮ್ಮಲ್ಲಿ ಕಂಪ್ಯೂಟರು, ಬ್ರಾಡ್‌ಬ್ಯಾಂಡ್ ಎರಡೂ ಇತ್ತಲ್ಲ. ಇಸ್ತ್ರಿ ಅಂಗಿ ಹಾಕಿದ್ದರು, ಯಾರೂ ನೋಡುವುದಿಲ್ಲ ಅಂತ ಗೊತ್ತಿದ್ದರೂ. ಅಮ್ಮ ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಹೆಡ್‌ಫೋನಿನ ಒಂದು ಕಿವಿ ಅವರಿಗೆ, ಒಂದು ನನಗೆ. ಒಬ್ಬೊಬ್ಬರೇ ತಮ್ಮ ಪಾತ್ರದ ದನಿಯಲ್ಲಿ ಮಾತಾಡಿದರು, ನಗು, ಗದ್ದಲ. ಆಮೇಲೆ ಆ ಹುಡುಗ ಅಂದ, "ಈಗ ಎಲ್ಲರೂ ಸುಮ್ನಿರಿ, ಡಂಗುರದೋರು ಬರ್ತಾರೆ."

ಎಲ್ಲ ಸುಮ್ಮನಾದರು. ಅಣ್ಣ ಮೇಜಿನ ಮೇಲೆ ತಾಳ ಹಾಕಿದರು. ಬಾಯಿ ತೆರೆದರು. "ಕೇ" ಅಂದದ್ದು ಅಲ್ಲೇ ನಿಂತಿತು. ಮತ್ತೆ ತಾಳ. ಮತ್ತೆ "ಕೇ... ಕೇ..." ಕತ್ತಿನ ನರ ಉಬ್ಬಿತು. ಕೈ ತಾಳ ತಪ್ಪಿ ಮೇಜನ್ನು ಸುಮ್ಮನೆ ಬಡಿಯತೊಡಗಿತು. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗು ಹಿಡಿದು ನಿಂತಿದ್ದಳು.

"ಅಣ್ಣ, ನಿಮ್ಮ ನೆಟ್‌ವರ್ಕ್ ಕಟ್ ಆಗ್ತಿದೆ," ಅಂತು ಕಿವಿಯಲ್ಲಿ ಆ ಹುಡುಗನ ದನಿ. "ಬಿಟ್ಟು ಬಿಟ್ಟು ಕೇಳಿಸ್ತಿದೆ. ಇನ್ನೊಂದ್ಸಲ ಹೇಳಿ."

ಅಣ್ಣ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಕೀಬೋರ್ಡ್ ಎಳೆದುಕೊಂಡು ಟೈಪ್ ಮಾಡಿದರು: "ಹೌದು, ನೆಟ್‌ವರ್ಕ್ ಸರಿ ಇಲ್ಲ. ಹೊಸಾ ಜಾಗ ಚಲೋ ಐತಿ. ಅಲ್ಲೇ ಹೋಗ್ರಿ." ಆಮೇಲೆ ನನ್ನ ಕಡೆ ತಿರುಗಿ, ಬಹಳ ಹೊತ್ತು ಹೆಣಗಿ ಒಂದೇ ಮಾತು ಹೇಳಿದರು, "ಹೇ... ಹೇಳಬ್ಯಾಡ ತಂಗಿ." ನಾನು ಯಾರಿಗೂ ಹೇಳಲಿಲ್ಲ.

ಗುಂಪು ಹೊಸ ಜಾಗಕ್ಕೆ ಹೋಯಿತು. ಅಣ್ಣ ಒಬ್ಬರೇ ಆ ಪುಕ್ಕಟೆ ತಾಣದಲ್ಲಿ ಪುಟ ಮಾಡಿದರು, ತಮ್ಮ ಡಂಗುರದವನಿಗೆ ಮಾತ್ರವಲ್ಲ, ನಮ್ಮೆಲ್ಲರ ಪಾತ್ರಗಳಿಗೂ. ಫೋರಂ ಮುಚ್ಚುವ ಮೊದಲೇ ಎಲ್ಲರ ಪರಿಚಯವನ್ನೂ ಎತ್ತಿ ತಂದು ಜೋಡಿಸಿಟ್ಟಿದ್ದರು. ನನ್ನ ಸೂಲಗಿತ್ತಿಯ ಪುಟದ ಕೊನೆಗೆ, "ಇವರ ಮನಿ ಬಾಗಿಲಾ ರಾತ್ರಿನೂ ಹಾಕಂಗಿಲ್ಲ" ಅಂತ ತಾವೇ ಒಂದು ಸಾಲು ಸೇರಿಸಿದ್ದರು. ಡಂಗುರದವನು ಅಲ್ಲಿ ವಾರಕ್ಕೊಂದು ಸುದ್ದಿ ಸಾರುತ್ತಿದ್ದ. ಓದುತ್ತಿದ್ದವಳು ನಾನೊಬ್ಬಳೇ ಇರಬೇಕು. ಅತ್ತ ಹೊಸ ಜಾಗದಲ್ಲಿ ಡಂಗುರದವನಿಲ್ಲದೆ ಕತೆ ಸಾಗದು ಅಂತ ಬೇರೊಬ್ಬ ಹುಡುಗ ಆ ಪಾತ್ರ ತೆಗೆದುಕೊಂಡ. ಅಣ್ಣನಿಗೆ ಹೇಗೋ ಗೊತ್ತಾಯಿತು.

"ಹೆಂಗ ಒದರ್ತಾನ?" ಅಂತ ಮೆಸೇಜ್ ಮಾಡಿದರು.

"ಜೋರಾಗಿ," ಅಂತ ಬರೆದೆ.

"ಡಂಗುರ ಅಂದ್ರ ಜೋರೇ ಇರಬೇಕು" ಅಂತ ಉತ್ತರ ಬಂತು. ಅಷ್ಟೇ.

ಮುಂದೆ ಅವರ ಕಾರ್ಖಾನೆ ಊರಾಚೆಗೆ ಹೋಯಿತು, ಅವರೂ ರೂಮು ಬಿಟ್ಟರು. ನಾನು ಮದುವೆಯಾಗಿ ಅತ್ತಿಬೆಲೆಗೆ ಬಂದೆ. ಮಗು, ಮನೆ... ಮೆಸೇಜುಗಳು ಹಬ್ಬಕ್ಕೊಂದಾದವು. ಆ ಪುಟಗಳನ್ನು ತೆರೆದು ನೋಡುವುದೂ ನಿಂತುಹೋಯಿತು.

ಒಂದು ಬೆಳಿಗ್ಗೆ ಅವರ ನಂಬರಿನಿಂದ ಫೋನ್ ಬಂತು. ಅವರು ಎಂದೂ ಫೋನ್ ಮಾಡಿದವರಲ್ಲ. ಅತ್ತ ಕಡೆ ಒಬ್ಬ ಹೆಂಗಸು. ಅವರ ಅಕ್ಕ. ಎದೆನೋವು ಅಂದವನು ಆಸ್ಪತ್ರೆ ಮುಟ್ಟಲಿಲ್ಲವಂತೆ. ದಿನ ಕರ್ಮಗಳೆಲ್ಲ ಮುಗಿದಿದ್ದವು.

"ಬರೇ ನಿಮ್ಮ ಜೋಡಿ ಮಾಡಿದ ಮೆಸೇಜ್ ಅದಾವ್ರಿ ಇದರಾಗ," ಅಂದರು. "ಅಂವ ನಮ್ಮ ಜೋಡಿ ಮಾತಾಡ್ತಿದ್ದಿಲ್ಲ. ನಿಮ್ಮ ಜೋಡಿ ಏನು ಮಾತಾಡ್ತಿದ್ದ?"

ಫೋರಮ್ಮಿನ ವಿಷಯ ಹೇಳಿದೆ. ಡಂಗುರದವನ ವಿಷಯ ಹೇಳಿದೆ. ಅವರು, "ಅದು ಓದಾಕ ಸಿಗತೈತೇನ್ರಿ?" ಅಂದರು.

ಫೋನ್ ಇಟ್ಟವಳೇ ಆ ಪುಟ ತೆರೆದೆ. ಪುಕ್ಕಟೆ ತಾಣ ಮುಚ್ಚಿಹೋಗಿತ್ತು. ನಿಮ್ಮ ಪುಟಗಳನ್ನು ಇಳಿಸಿಕೊಳ್ಳಲು ಕೊಟ್ಟ ಅವಧಿ ಮುಗಿದಿದೆ ಅಂತ ಇಂಗ್ಲಿಷಿನಲ್ಲಿ ಎರಡು ಸಾಲು. ಹೊಸ ಆ್ಯಪಿನಲ್ಲಿ ನಮ್ಮ ಗುಂಪೂ ಎಂದೋ ಚದುರಿ ಹೋಗಿತ್ತು. ನನ್ನ ಹಳೇ ಫೋನ್ ಕೆಟ್ಟಾಗ ಮೆಸೇಜುಗಳೂ ಹೋಗಿದ್ದವು, ಅಕ್ಕನ ಹತ್ತಿರ ಇದ್ದವುಗಳಲ್ಲಿ ಬರೀ ಈಚಿನವು.

ಮತ್ತೆ ಫೋನ್ ಮಾಡಿ, ನೆನಪಿದ್ದದ್ದನ್ನು ಬಾಯಿಂದ ಹೇಳಿದೆ. "ಕೇಳ್ರಪೋ ಕೇಳ್ರಿ, ಕಳದ ಹ್ವಾದ ಎಮ್ಮಿ ಸಿಕ್ಕೈತಿ, ಎಮ್ಮಿ ಕಳಕೊಂಡಾಂವ ಸಿಗವಲ್ಲ..." ಅವರ ಮಾತು ನನ್ನ ಬೆಂಗಳೂರು ನಾಲಿಗೆಯಲ್ಲಿ ಸೊಟ್ಟಸೊಟ್ಟಾಗಿ ಬಂತು. ಅಕ್ಕ ನಕ್ಕರು, ಆಮೇಲೆ ಅತ್ತರು. "ಇಷ್ಟೆಲ್ಲಾ ಮಾತು ಅವನ ಒಳಗ ಇತ್ತೇನ್ರಿ?" ಅಂದರು.

ಈಗಲೂ ಅವರು ಆಗಾಗ ಫೋನ್ ಮಾಡುತ್ತಾರೆ. ನನ್ನ ಮಗಳ ಆರೋಗ್ಯ, ಅವರ ಊರಿನ ಮಳೆ, ಎಲ್ಲ ಮಾತಾಡಿ ಆದ ಮೇಲೆ, "ಅವನದು ಇನ್ನೊಂದು ಹೇಳ್ರಿ," ಅನ್ನುತ್ತಾರೆ. ನೆನಪಿದ್ದವೆಲ್ಲ ಮುಗಿದು ತುಂಬ ದಿನವಾಯಿತು. ಆದರೂ ಏನೋ ಒಂದು ಹೇಳುತ್ತೇನೆ. ಕಳೆದ ಸಲ ಹೇಳಿದ್ದು ಅಣ್ಣ ಬರೆದದ್ದೋ, ನಾನೇ ಕಟ್ಟಿದ್ದೋ... ಎಷ್ಟು ಯೋಚಿಸಿದರೂ ನನಗೆ ಗೊತ್ತಾಗಲಿಲ್ಲ.