ಬಾಯಾರ ಗೇರಿಲ್ಲದ ಗಾಡಿ

ದವಾಖಾನೆಯಿಂದ ಹೊರಗೆ ಬಂದಾಗ ಬಾಯಾರ ಎಡಗಿವಿಯ ಸುತ್ತ ದುಂಡನೆಯ ಕೆಂಪು ಗುರುತು ಇರುತ್ತಿತ್ತು. ಬಸುರಿಯರ ಹೊಟ್ಟೆಯ ಮೇಲೆ ತಗಡಿನ ಕೊಳವೆಯಿಟ್ಟು, ಇನ್ನೊಂದು ತುದಿಗೆ ಕಿವಿ ಒತ್ತಿ, ಒಳಗಿನ ಕೂಸಿನ ಎದೆಬಡಿತ ಕೇಳುವುದು ಅವರ ದಿನದ ಕೆಲಸ. ಸಂತೆಯ ದಿನ ಸುತ್ತಲ ಹಳ್ಳಿಯ ಹೆಂಗಸರು ಹೆಚ್ಚಿಗೆ ಬಂದಿದ್ದರೆ ಆ ಗುರುತು ಸಂಜೆಯಾದರೂ ಮಾಸುತ್ತಿರಲಿಲ್ಲ. ನಮ್ಮ ಕಡೆ ನರ್ಸನ್ನು ಬಾಯಾರು ಎಂದೇ ಕರೆಯುತ್ತೇವೆ. ಇಳಕಲ್ಲಿನಲ್ಲಿ ಬೇರೆ ನರ್ಸುಗಳೂ ಇದ್ದರು. ಆದರೆ ಬರೀ ಬಾಯಾರು ಎಂದರೆ ಇವರೊಬ್ಬರೇ.

ನಾನು ಓದಿದ್ದು ಮೂರನೇ ಇಯತ್ತೆ. ಬೀರಪ್ಪನ ಒಕ್ಕಲು ನಾವು. ಸಾಲಿ ಬಿಟ್ಟು ಅಪ್ಪನ ಕುರಿಗಳ ಹಿಂದೆ ಹೋದೆ, ಆಮೇಲೆ ಹಿಟ್ಟಿನ ಗಿರಣಿಯಲ್ಲಿ ದುಡಿದು ಯಂತ್ರದ ಕೆಲಸ ಕಲಿತೆ, ಆಮೇಲೆ ನನ್ನದೇ ಗ್ಯಾರೇಜು ಹಾಕಿದೆ. ಯಾರ ಹಂಗಿನಲ್ಲೂ ಬೆಳೆದವನಲ್ಲ. ನನಗೆ ತಿಳಿಯದ ಗಾಡಿ ಈ ತಾಲೂಕಿಗೆ ಬಂದಿಲ್ಲ ಎಂದುಕೊಂಡು ತಿರುಗುತ್ತಿದ್ದೆ. ಎಂಬತ್ತರ ದಶಕದ ನಡುವೆ ಬಾಯಾರು ಆ ಗೇರಿಲ್ಲದ ಸ್ಕೂಟರನ್ನು ತಂದು ಬಾಗಿಲಿಗೆ ನಿಲ್ಲಿಸಿದ ದಿನ ಆ ಗರ್ವಕ್ಕೆ ಮೊದಲ ಪೆಟ್ಟು ಬಿತ್ತು. ಅದಕ್ಕೆ ಚೈನೂ ಇಲ್ಲ, ಗೇರೂ ಇಲ್ಲ. ಎರಡು ಪುಲ್ಲಿಗಳ ನಡುವೆ ಹಲ್ಲು ಹಲ್ಲಿನ ಒಂದು ರಬ್ಬರ್ ಬೆಲ್ಟು ಓಡುತ್ತದೆ. ವೇಗ ಏರಿದಂತೆ ಪುಲ್ಲಿಗಳು ತಾವೇ ಹಿಗ್ಗಿ ಕುಗ್ಗಿ ಗೇರಿನ ಕೆಲಸ ಮಾಡುತ್ತವೆ.

ಬಾಯಾರಿಗೆ ಮದುವೆಯಾಗಿರಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಮಗ್ಗದ ಕೆಲಸ ಮುಗಿಸಿ ಕೂತವರು ಅವರಿಗೆ ಕೇಳುವಂತೆಯೇ ಅನ್ನುತ್ತಿದ್ದರು: "ಗೇರ ಇಲ್ಲದ ಗಾಡಿ, ಗಂಡ ಇಲ್ಲದ ಬಾಯಿ. ಜೋಡಿ ಚಲೋ ಕೂಡೈತಿ ನೋಡ್ರಲೇ."

ಬಾಯಾರು ಬಸಿಯಲ್ಲಿ ಚಹಾ ಆರಿಸುತ್ತ, ತಲೆಯೆತ್ತದೆ ಅಂದಿದ್ದರು: "ಹೌದ್ರಪಾ, ಅದಕ್ಕ ಇಬ್ರೂ ಲಗೂನ ಮುಟ್ಟತೇವಿ. ನಿಮ್ಮ ಹೆಂಡ್ರ ಬ್ಯಾನಿ ತಿನ್ನೂಮುಂದ ಗೇರ ಹಾಕ್ಕೋತ ಕುಂದ್ರಲೇನು?"

ಅಂಗಡಿಯವನೇ ಮೊದಲು ನಕ್ಕ.

ಒಂದು ಮಳೆಗಾಲ ಆ ಗಾಡಿಯ ಎಡಮಗ್ಗುಲಿನಿಂದ ಸದ್ದು ಬರತೊಡಗಿತು. ಟಕ್, ಟಕ್ ಎಂದು ಒಣ ಸದ್ದು. ಗಿರಣಿಯಲ್ಲಿ ಪಟ್ಟಾ, ಅಂದರೆ ಯಂತ್ರದ ಬೆಲ್ಟು, ಸದ್ದು ಮಾಡಿದರೆ ನಾವು ರಾಳದ ಪುಡಿ ಉದುರಿಸುತ್ತಿದ್ದೆವು. ಪಟ್ಟಾ ಪುಲ್ಲಿಯನ್ನು ಹಿಡಿದುಕೊಂಡು ಸುಮ್ಮನಾಗುತ್ತಿತ್ತು. ನಾನು ಮುಚ್ಚಳ ಬಿಚ್ಚಿದವನೇ ರಾಳದ ಡಬ್ಬಿಗೆ ಕೈ ಹಾಕಿದೆ.

"ಅದೇನದು?" ಅಂದರು ಬಾಯಾರು.

"ರಾಳರಿ. ಒಂದ ಚಿಟಿಕಿ ಹಾಕಿದ್ರ ಸದ್ದು ಬಂದ್ ಆಕ್ಕೈತಿ."

"ಸದ್ದು ಬಂದ್ ಮಾಡು ಅಂತ ನಾ ಅಂದ್ನೇನು? ಯಾಕ ಬರ್ತೈತಿ ಹೇಳಂದೆ. ಯಾವಾಗ ಬರ್ತೈತಿ, ಅದನ್ನರ ಕೇಳಿದಿ?"

ಕೇಳಿರಲಿಲ್ಲ. ನಟ್ಟು ತಿರುವುವ ಪಾನಾ ಹಿಡಿದ ಕೈಗೆ ಕೇಳುವ ರೂಢಿ ಎಲ್ಲಿಯದು? ಬಾಯಾರೇ ಹೇಳಿದರು. ಗಾಡಿ ನಿಂತಿದ್ದರೂ ಎಂಜಿನ್ ಚಾಲೂ ಇದ್ದರೆ ಸದ್ದು ಇದೆ. ಹಾಗಾದರೆ ಅದು ಗಾಲಿಯದಲ್ಲ. ಎಕ್ಸಲೇಟರ್ ತಿರುವಿದರೆ ಸದ್ದೂ ಲಗುಬಗೆಯಾಗುತ್ತದೆ. ಹಾಗಾದರೆ ತಿರುಗುವ ಯಾವುದೋ ಒಂದರದ್ದು. ನಾನು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಕೆಯನ್ನು ಕಿವಿಗಿಟ್ಟು ಎಂಜಿನ್ನಿಗೆ ಆನಿಸಿದೆ. ಎಲ್ಲ ಸದ್ದೂ ಕೂಡಿ ಗದ್ದಲವಾಗಿ ಕೇಳಿತು. ಎಂಜಿನ್ನಿನೊಳಗಿನದೇ ಎಂದೆ.

ಅವರು ಚೀಲದಿಂದ ಕೊಳವೆ ತೆಗೆದರು. ನಾನು, "ಬ್ಯಾಡ್ರಿ, ಹೊಲಸಾಕ್ಕೈತಿ" ಎಂದೆ.

"ತೊಳದ್ರ ಹೋಕ್ಕೈತಿ ತಗೋ." ಕೊಳವೆಯ ಒಂದು ತುದಿಯನ್ನು ಸದ್ದು ಬರುವ ಎಡಮಗ್ಗುಲಿಗೆ ಆನಿಸಿ, ಇನ್ನೊಂದನ್ನು ನನ್ನ ಕಿವಿಗೆ ಕೊಟ್ಟು, ನನ್ನ ಇನ್ನೊಂದು ಅಂಗೈಯನ್ನು ತಾವೇ ಹಿಡಿದು ಎಂಜಿನ್ನಿನ ಮೈಮೇಲೆ ಇಟ್ಟರು. "ತಮ್ಮಾ, ಹೊಟ್ಟ್ಯಾಗ ಎರಡು ಜೀವ ಇರ್ತಾವು. ಬರೇ ಕಿವಿ ನಂಬಿದ್ರ ತಾಯಿ ಎದಿಬಡಿತಾನ ಕೂಸಿಂದು ಅಂತ ತಿಳದು ಮೋಸ ಹೋಗ್ತೇವಿ. ಅದಕ್ಕ ಒಂದು ಕೈಯಾಗ ತಾಯಿ ನಾಡಿ ಹಿಡಕೊಂಡಿರಬೇಕು. ಕೈಗೆ ಹತ್ತೂದು ಬ್ಯಾರೆ, ಕಿವಿಗೆ ಹತ್ತೂದು ಬ್ಯಾರೆ ಅಂದ್ರ ಎರಡು ಅಂತ ತಿಳಿ."

ಕೈಗೆ ಎಂಜಿನ್ನಿನ ಬಡಿತ ಸಿಕ್ಕಿತು. ಕಿವಿಯಲ್ಲಿ ಟಕ್, ಟಕ್. ಕಿವಿಯದು ಸಾವಕಾಶ. ಎರಡೂ ಕೂಡುತ್ತಲೇ ಇರಲಿಲ್ಲ. ಎಂಜಿನ್ನು ಹಲವು ಸುತ್ತು ತಿರುಗುವಷ್ಟರಲ್ಲಿ ಒಂದೇ ಸುತ್ತು ಬರುವುದು ಅಲ್ಲಿ ಒಂದೇ ಇದೆ, ಬೆಲ್ಟು. ಎಂಜಿನ್ ಬಂದ್ ಮಾಡಿ, ಬೆಲ್ಟಿಗೆ ಸುಣ್ಣದಕಡ್ಡಿಯಿಂದ ಗುರುತು ಹಾಕಿ, ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತ ಹಲ್ಲು ಹಲ್ಲಿನ ಸಂದನ್ನೂ ಬಗ್ಗಿಸಿ ನೋಡಿದೆ. ಒಂದು ಕಡೆ ಸಂದು ಬಾಯಿ ಬಿಟ್ಟಿತು. ಒಳಗಿನ ನೂಲು ಕಾಣುವಷ್ಟು ಆಳ. ರಾಳ ಹಾಕಿದ್ದರೆ ಸದ್ದು ಅಡಗುತ್ತಿತ್ತೋ ಏನೋ, ಈ ಬಿರುಕು ಅಡಗುತ್ತಿರಲಿಲ್ಲ.

ಹೊಸ ಬೆಲ್ಟು ಬಾಗಲಕೋಟೆಯಲ್ಲೂ ಇರಲಿಲ್ಲ. ಹುಬ್ಬಳ್ಳಿಗೆ ಹೇಳಿಕಳಿಸಿದೆ. ಅದು ಬರುವವರೆಗೆ ಗಾಡಿ ಹೊರಗೆ ತೆಗೆಯಬೇಡಿರೆಂದು ಹೇಳಿ ನನ್ನಲ್ಲೇ ನಿಲ್ಲಿಸಿಕೊಂಡೆ.

ಬೆಲ್ಟು ಬರುವ ಮೊದಲೇ ಗುಡೂರಿನಿಂದ ನನ್ನ ತಂಗಿಯ ಮೈದುನ ಮಧ್ಯಾಹ್ನದ ಬಸ್ಸಿಗೆ ಓಡಿಬಂದ. ತಂಗಿಗೆ ಚೊಚ್ಚಲು. ಅವರದು ಗುಡೂರಿನಾಚೆ ಹೊಲದೊಳಗಿನ ಮನೆ. ನಸುಕಿನಿಂದ ಬೇನೆ, ನೀರು ಹೋಗಿ ಬಹಳ ಹೊತ್ತಾಗಿದೆ, ಕೂಸು ಕೆಳಗಿಳಿಯುತ್ತಿಲ್ಲ ಎಂದ. ದವಾಖಾನೆಯ ಜೀಪು ಬಾಗಲಕೋಟೆಗೆ ಹೋಗಿತ್ತು. ಮುಂದಿನ ಬಸ್ಸು ಸಂಜೆಗೆ. ಗ್ಯಾರೇಜಿನಲ್ಲಿದ್ದ ಇನ್ನೊಂದೇ ಗಾಡಿಯ ಎಂಜಿನ್ ಬಿಚ್ಚಿ ಹರವಿದ್ದೆ. ಬಾಯಾರು ಚೀಲ ಹೆಗಲಿಗೆ ಹಾಕಿಕೊಂಡೇ ಬಂದರು.

"ಮುಚ್ಚಳ ಹಾಕು."

"ಬಾಯಾರ, ಅದು ಹರಿತೈತ್ರಿ."

"ಎಲ್ಲಿ ಹರಿತೈತಿ?"

"ಏರಿನ್ಯಾಗ. ಜಗ್ಗೂ ಜಾಗಾದಾಗ."

"ಏರು ಬಂದ್ರ ಇಳದು ನೂಕ್ತೇನಿ. ಹಾಕಂದೆ."

ನಾನೂ ಹಿಂದೆ ಕೂರುತ್ತೇನೆಂದರೆ ಬೈದರು. ಇಬ್ಬರ ಭಾರಕ್ಕೆ ಊರ ಅಗಸಿಯಲ್ಲೇ ಹರಿಯುತ್ತದೆ ಎಂದರು. ಅದು ಖರೆ. ಅವರು ಹೋದ ಮೇಲೆ ನಾನು ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ, ಪ್ರತಿ ಏರಿನಲ್ಲೂ, ಕೆಸರಿನಲ್ಲಿ ಗಾಲಿಯ ಗುರುತಿನ ಪಕ್ಕ ಅವರ ಚಪ್ಪಲಿಯ ಗುರುತು ಕಂಡಿತು. ಹೇಳಿದಂತೆ ಇಳಿದು ನೂಕಿದ್ದರು. ಗುಡೂರು ದಾಟಿ ಹೊಲದ ದಾರಿಗೆ ಹೊರಳಿದರೆ, ಗಾಡಿ ಬದುವಿಗೆ ಆನಿಸಿ ನಿಂತಿತ್ತು. ಎರೆಮಣ್ಣು ಗಾಲಿಗೆ ಮೆತ್ತಿ ಹಿಡಿದದ್ದೇ ಬೆಲ್ಟು ಹರಿಯಲು ಸಾಕಾಗಿತ್ತು. ಚಪ್ಪಲಿ ಅಲ್ಲೇ ಬಿಟ್ಟಿದ್ದರು. ಮುಂದೆ ಬರಿಗಾಲಿನ ಹೆಜ್ಜೆಗಳು.

ನಾನು ಮುಟ್ಟಿದಾಗ ತಂಗಿಯ ನರಳಾಟ ಕೇಳುತ್ತಿತ್ತು. ಕೂಸಿನ ಅಳು ಕೇಳಲಿಲ್ಲ. ಗಂಡುಕೂಸು. ಬಾಯಾರು ಅದನ್ನು ಹೊರಗೆ ತೆಗೆದು ತಾಯಿಯನ್ನು ಉಳಿಸಿದ್ದರು.

ತಂಗಿಯ ಅತ್ತೆ ಅಂಗಳದಲ್ಲಿ ನಿಂತು ನನ್ನ ಕಡೆಗೇ ಕೈಮಾಡಿದಳು. "ಬಂದ ನೋಡ್ರಿ ಇಳಕಲ್ಲ ಮಿಸ್ತ್ರಿ! ಊರ ಗಾಡಿ ಎಲ್ಲಾ ರಿಪೇರಿ ಮಾಡ್ತಾನಂತ, ತಂಗಿ ಜೀವಕ್ಕ ಒಂದು ಪಟ್ಟಾ ಹೊಂದಸಾಕ ಆಗಲಿಲ್ಲ ಇವಗ!"

ಸುತ್ತಲಿನವರು ನನ್ನನ್ನೇ ನೋಡಿದರು. ಬಾಯಾರು ಮೊಣಕೈತನಕ ಸಾಬೂನು ಹಚ್ಚಿಕೊಂಡು ಕೈ ತೊಳೆಯುತ್ತಿದ್ದರು. ಕಾಲು ಮೊಣಕಾಲುದ್ದ ಕೆಸರು. ತೊಳೆಯುವುದನ್ನು ನಿಲ್ಲಿಸದೆ ಹೇಳಿದರು: "ಅಂವ ಹರಿತೈತಿ ಅಂತ ಹೇಳಿದ್ದ. ಬ್ಯಾಡ ಅಂದಿದ್ದ. ಕೇಳಲಾರದ ಹೊಂಟಾಕಿ ನಾ. ಬೈಯೂದಿದ್ರ ನನಗ ಬೈರಿ ಯವ್ವಾ, ಅವಗ ಅನಬ್ಯಾಡ್ರಿ."

ಬೈದರು ಕೂಡ. ಕೆಲವು ತಿಂಗಳು ಆ ಕಡೆಯ ಹಳ್ಳಿಗಳಲ್ಲಿ ಬಾಯಾರ ಹೆಸರಿಗೆ ಕಪ್ಪು ಹತ್ತಿತ್ತು. ಅಲ್ಲಿ ಹೋದರೆ ಬಾಗಿಲು ಓರೆ ಮಾಡಿಕೊಳ್ಳುವವರಿದ್ದರು. ನನ್ನ ಗ್ಯಾರೇಜಿಗೆ ಮಾತ್ರ ಒಂದು ಗಾಡಿಯೂ ಕಡಿಮೆಯಾಗಲಿಲ್ಲ. ನನ್ನ ಪಾಲಿನ ಮಾತನ್ನೆಲ್ಲ ಅವರು ತಮ್ಮ ತಲೆಯ ಮೇಲೆ ಹಾಕಿಕೊಂಡಿದ್ದರು. ಅದರ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊಸ ಬೆಲ್ಟು ಬಂದಾಗ ಹಾಕಿಕೊಟ್ಟೆ. "ಈಗ ಸದ್ದಿಲ್ಲ ನೋಡ್ರಿ" ಎಂದೆ. "ಹ್ಞೂಂ" ಎಂದರು.

ಎರಡು ವರ್ಷದ ಮೇಲೆ ತಂಗಿ ಮತ್ತೆ ಬಸುರಿಯಾದಾಗ, ಅತ್ತೆ ಬೇಡವೆಂದರೂ ಹಟ ಹಿಡಿದು ಬಾಯಾರನ್ನೇ ಕರೆಸಿಕೊಂಡಳು. ಹೆಣ್ಣುಕೂಸು, ಬದುಕಿತು. ಆಮೇಲೆ ಬಾಯಾರಿಗೆ ಬಾದಾಮಿಯ ಕಡೆ ವರ್ಗವಾಯಿತು. ಚೊಳಚಗುಡ್ಡದಲ್ಲಿ ಒಂದು ಕೋಣೆ ಹಿಡಿದು ಇದ್ದರು. ಹೊಟ್ಟೆಯಲ್ಲಿ ಗಂಟಾಗಿದೆ ಎಂದು ಗೊತ್ತಾದಾಗ ತಡವಾಗಿತ್ತಂತೆ. ಸುದ್ದಿ ಬಂದ ದಿನ ನಾನೂ ತಂಗಿಯೂ ಮಣ್ಣಿಗೆ ಹೋದೆವು. ರಕ್ತಸಂಬಂಧಿಗಳೆಂದು ಬಂದವರು ಕಡಿಮೆ, ಕೂಸು ಕಂಕುಳಲ್ಲಿ ಹೊತ್ತ ಹೆಂಗಸರೇ ಬಹಳ.

ತಿರುಗಿ ಬರುವಾಗ ಬಸ್ಸಿನಲ್ಲಿ ತಂಗಿ ಅಂದಳು: "ಅಣ್ಣಾ, ನಾ ಒಮ್ಮಿ ಬಾಯಾರನ್ನ ಕೇಳಿದ್ದೆ. ಗಾಡಿ ಕೆಡದಿದ್ರ ನನ್ನ ಕೂಸು ಉಳೀತಿತ್ತೇನ್ರಿ ಅಂತ."

"ಏನಂದ್ರು?"

"ನನಗ ಗೊತ್ತಿಲ್ಲ ಯವ್ವಾ ಅಂದ್ರು. ಮಂದೆಲ್ಲಾ ಬೀರಪ್ಪನ ಇಚ್ಛಾ ಅಂದ್ರು, ನನ್ನ ಹಣೇಬರಾ ಅಂದ್ರು. ಖರೆ ಹೇಳಿದಾಕಿ ಆಕಿ ಒಬ್ಬಾಕಿನ. ಅದಕ್ಕ ಎರಡನೇ ಸಲ ಮತ್ತ ಯಾರನ್ನೂ ನನ್ನ ಮುಟ್ಟಗೊಡಲಿಲ್ಲ."

ಅದೇ ಪ್ರಶ್ನೆಯನ್ನು ನಾನು ವರ್ಷಗಟ್ಟಲೆ ನುಂಗಿಕೊಂಡು ತಿರುಗಿದ್ದೆ. ಬಾಯಾರು ಗಾಡಿ ತಂದು ನಿಲ್ಲಿಸಿದಾಗಲೆಲ್ಲ ಕೇಳಬೇಕೆನಿಸುತ್ತಿತ್ತು. ಹೌದು ಎಂದುಬಿಟ್ಟಾರು ಎಂದು ಹೆದರಿ, ಪಾನಾ ಹಿಡಿದು ಬಗ್ಗಿಬಿಡುತ್ತಿದ್ದೆ. ಕಳಕೊಂಡವಳು ಕೇಳಿದ್ದಳು.

ಗುಡೂರಿನಲ್ಲಿ ತಂಗಿ ಇಳಿದಳು. ಇಳಕಲ್ಲಿನವರೆಗೆ ಒಬ್ಬನೇ ಕೂತು ಬಂದೆ. ಹಬ್ಬಕ್ಕೂ ಮುಚ್ಚದ ಗ್ಯಾರೇಜನ್ನು ಮರುದಿನ ನಾನು ತೆಗೆಯಲಿಲ್ಲ.